ಎಂಟನೆಯ ತರಗತಿಗೆ ಕೊಂಡ ಜ್ಯಾಮಿಟ್ರಿ ಬಾಕ್ಸ್: ಬಳಸಿ ನೋಡಿದ ಮೇಲೆ

ಈ ವರ್ಷ ಎಂಟನೆಯ ತರಗತಿಗೆ ಸೇರಿದ ಮಗಳಿಗಾಗಿ ನಮ್ಮ ಬಡಾವಣೆಯ ಸ್ಟೇಷನರಿ ಅಂಗಡಿಯಿಂದ 160 ರೂಪಾಯಿಗೆ ಒಂದು ಜ್ಯಾಮಿಟ್ರಿ ಬಾಕ್ಸ್ ತಂದೆ. ತಗಡಿನ ಡಬ್ಬಿಯಲ್ಲಿ ಕೈವಾರ, ವಿಭಾಜಕ, ಕೋನಮಾಪಕ, ಎರಡು ಮೂಲೆಮಟ್ಟ (ಸೆಟ್ ಸ್ಕ್ವೇರ್) ಮತ್ತು 15 ಸೆಂ.ಮೀ. ಅಳತೆಪಟ್ಟಿ ಇವೆ. ಇಂಥ ಡಬ್ಬಿಯನ್ನು ರೇಖಾಗಣಿತದ ನಿಯಮಗಳಿಂದಲೇ ಪರೀಕ್ಷಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಉಪಕರಣ ತಪ್ಪಿದಾಗ ಮಕ್ಕಳು ತಾವೇ ತಪ್ಪಿದೆವೆಂದು ತಿಳಿದು ರಬ್ಬರು ಹಿಡಿದು ಕೂರುತ್ತಾರೆ.

ಮೊದಲು ಕೋನಮಾಪಕ. ಒಂದನ್ನೊಂದು ಛೇದಿಸುವ ಎರಡು ಸರಳರೇಖೆಗಳನ್ನು ಎಳೆದು ನಾಲ್ಕೂ ಕೋನಗಳನ್ನು ಅಳೆದಾಗ 47, 133, 47, 133 ಡಿಗ್ರಿ ಬಂದವು. ಶೃಂಗಾಭಿಮುಖ, ಅಂದರೆ ಎದುರುಬದುರಿನ, ಕೋನಗಳು ಸಮ, ಅಕ್ಕಪಕ್ಕದವುಗಳ ಮೊತ್ತ 180. ಇದರಲ್ಲಿ ದೋಷವಿಲ್ಲ. ಮೂಲೆಮಟ್ಟದ ಲಂಬಕೋನವನ್ನು ನೋಡಲು ಒಂದು ರೇಖೆಯ ಮೇಲೆ ಲಂಬ ಎಳೆದು, ಮೂಲೆಮಟ್ಟವನ್ನು ಮಗುಚಿಟ್ಟು, ಅದೇ ಬಿಂದುವಿನಿಂದ ಮತ್ತೊಮ್ಮೆ ಎಳೆದೆ. ಹೀಗೆ ಮಾಡಿದಾಗ ತಪ್ಪು ಇಮ್ಮಡಿಯಾಗಿ ಕಾಣುತ್ತದೆ: ಅರ್ಧ ಡಿಗ್ರಿ ವ್ಯತ್ಯಾಸವಿದ್ದರೂ 10 ಸೆಂ.ಮೀ. ಎತ್ತರದಲ್ಲಿ ಎರಡು ಗೆರೆಗಳ ನಡುವೆ ಸುಮಾರು 1.7 ಮಿ.ಮೀ. ಅಂತರ ಬೀಳುತ್ತದೆ. ಎರಡು ಮೂಲೆಮಟ್ಟಗಳ ಗೆರೆಗಳೂ ಒಂದರ ಮೇಲೊಂದು ಕೂತವು.

ಬೇಸರವಾದದ್ದು ಕೈವಾರದಿಂದ. 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಅದೇ ಅಗಲದಿಂದ ಪರಿಧಿಯ ಮೇಲೆ ಗುರುತು ಹಾಕುತ್ತಾ ಹೋದರೆ ಆರನೆಯ ಗುರುತು ಹೊರಟ ಬಿಂದುವಿಗೇ ಮರಳಬೇಕು, ಆಗ ಸಮಷಡ್ಭುಜ ಮುಚ್ಚಿಕೊಳ್ಳುತ್ತದೆ. ನಮ್ಮದು 7 ಮಿ.ಮೀ. ಮುಂದೆ ಹೋಗಿ ನಿಂತಿತು. ವೃತ್ತ ಬರೆದಾದ ಮೇಲೆ ಕೈವಾರದ ಕಾಲುಗಳು ಬರೀ 1 ಮಿ.ಮೀ. ಅಗಲಿದರೂ ಸಾಕು, ಇಷ್ಟು ತಪ್ಪು ಬರುತ್ತದೆ. ತಲೆಯ ತಿರುಪು ಸಡಿಲವಾಗಿತ್ತು. ಮಕ್ಕಳು ಬಳಸುವ ವಸ್ತುವನ್ನು ಇಷ್ಟು ಅಸಡ್ಡೆಯಿಂದ ಜೋಡಿಸಬಾರದು.

ಸಣ್ಣ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಿ, ಪೆನ್ಸಿಲಿನ ಮೊನೆ ಚೂಪಾಗಿಸಿ ಮಗಳ ಕೈಗೆ ಕೊಟ್ಟೆ. ಅವಳು ತ್ರಿಭುಜವೊಂದರ ಮೂರು ಬಾಹುಗಳಿಗೂ ಕೈವಾರದಿಂದ ಲಂಬಾರ್ಧಕ (ಬಾಹುವನ್ನು ಲಂಬವಾಗಿ ಅರ್ಧಿಸುವ ರೇಖೆ) ಎಳೆದಳು. ನಿಯಮದಂತೆಯೇ ಮೂರೂ ಒಂದೇ ಬಿಂದುವಿನಲ್ಲಿ ಸೇರಿದವು. ಅಲ್ಲಿ ಮುಳ್ಳೂರಿ ಬರೆದ ಪರಿವೃತ್ತ ಮೂರು ಶೃಂಗಗಳನ್ನೂ ಮುಟ್ಟಿಕೊಂಡು ಹೋಯಿತು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳ್ಳುವವರು ಅಂಗಡಿಯಲ್ಲೇ ಒಂದು ಹಾಳೆ ಕೇಳಿ ಪಡೆದು ಆರು ಗುರುತು ಹಾಕಿ ನೋಡಿ.