ಸೂಪರ್‌ಮಾರ್ಕೆಟ್‌ನೋರ ಸ್ವಂತ ಬ್ರಾಂಡ್: ಬೇಳೆ ಓಕೆ, ಕಾಫಿ ಪುಡಿ ಬೇಡವೇ ಬೇಡ

ನಮ್ಮ ಏರಿಯಾದ ಸೂಪರ್‌ಮಾರ್ಕೆಟ್‌ನೋರು ಈಗ ಉಪ್ಪಿಂದ ಹಿಡಿದು ಫಿನಾಯಿಲ್‌ವರೆಗೂ ತಮ್ಮದೇ ಲೇಬಲ್ ಅಂಟಿಸಿ ಮಾರ್ತಿದಾರೆ, ರೇಟು ಕಮ್ಮಿ, ಅದೂ ಕಣ್ಣಿಗೆ ನೇರಕ್ಕೆ ಕಾಣೋ ಶೆಲ್ಫಲ್ಲೇ ಜೋಡಿಸಿರ್ತಾರೆ. ಮನೇಲಿ ಸುಮಾರು ಐಟಂ ಬಳಸಿ ನೋಡಿದ್ಮೇಲೆ ಬರೀತಿರೋದು.

ಉಪ್ಪು, ಸಕ್ಕರೆ, ರವೆ, ಅವಲಕ್ಕಿಗೆಲ್ಲ ಹೆಸರಿರೋ ಕಂಪನಿನೇ ಬೇಕು ಅನ್ನೋದು ದುಡ್ಡು ದಂಡ. ಅಂಗಡಿಲಿ ಮಾರೋ ಅಯೋಡಿನ್ ಉಪ್ಪಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಅಯೋಡಿನ್ ಇರ್ಲೇಬೇಕು ಅಂತ ರೂಲ್ ಇದೆ, ಟೀವಿಲಿ ಜಾಹೀರಾತು ಕೊಡೋರಿಗೂ ಅದೇ ಕೊಡದೋರಿಗೂ ಅದೇ. ತೊಗರಿಬೇಳೆನೂ ಚೆನ್ನಾಗೇ ಇದೆ, ಆದ್ರೆ ಪ್ಯಾಕ್ ಮಾಡಿದ ತಾರೀಖು ನೋಡಿ ತಗೊಳಿ, ಹಳೇ ಬೇಳೆ ಎಷ್ಟು ವಿಶಲ್ ಕೂಗಿಸಿದ್ರೂ ಕರಗಲ್ಲ. (ಕಲಬುರಗಿ ಕಡೆ ನೆಂಟರಿದ್ದು ಬೇಳೆ ತಂದುಕೊಡ್ತಾರೆ ಅಂದ್ರೆ ಅಂಗಡಿದೂ ಕಂಪನಿದೂ ಎರಡೂ ಬಿಟ್ಟಾಕಿ.) ಫಿನಾಯಿಲ್, ಕಸದ ಕವರ್ ಕಣ್ಮುಚ್ಕೊಂಡು ತಗೊಳಿ.

ಕಾಫಿ ಪುಡಿ ಮಾತ್ರ ಬೇಡ ಮಾರಾಯ್ರೇ. ಪ್ಯಾಕೆಟ್ ಮುಂದ್ಗಡೆ ಹಿತ್ತಾಳೆ ಫಿಲ್ಟರು, ಹಬೆಯಾಡೋ ಲೋಟ ಎಲ್ಲಾ ಇದೆ, ಹಿಂದೆ ತಿರುಗಿಸಿದ್ರೆ ಸಣ್ಣಕ್ಷರದಲ್ಲಿ ಚಿಕೋರಿ (ಕಾಫಿಗೆ ಬೆರೆಸೋ ಒಂದು ಬೇರಿನ ಪುಡಿ) 49%. ಮಿಕ್ಸ್ ಪುಡಿಲಿ ಕಾಫಿ 51%ಗಿಂತ ಕಮ್ಮಿ ಇರಂಗಿಲ್ಲ, ಇವ್ರು ಕರೆಕ್ಟಾಗಿ ಆ ಗೆರೆ ಮೇಲೇ ನಿಂತಿದಾರೆ. ಫಿಲ್ಟರಿಗೆ ಹಾಕಿದ್ರೆ ಡಿಕಾಕ್ಷನ್ ಇಳಿಯೋದೇ ಇಲ್ಲ, ಮೇಲಿನ ಬಟ್ಟಲು ತಟ್ಟಿ ತಟ್ಟಿ ಇಳಿಸ್ಬೇಕು, ಇಳಿದ್ಮೇಲೆ ಬಣ್ಣ ಏನೋ ಕಪ್ಪಗೆ ಗಟ್ಟಿಯಾಗಿರತ್ತೆ, ಹಾಲಿಗೆ ಬೆರೆಸಿ ಕುಡಿದ್ರೆ ಸುಟ್ಟ ಬೆಲ್ಲದ ಥರ ರುಚಿ, ಕಾಫಿ ಘಮ ಲವಲೇಶನೂ ಇಲ್ಲ. ಉಳಿಯೋ ನಾಕು ಕಾಸಿಗೆ ಬೆಳಗಿನ ಕಾಫಿ ಕೆಡಿಸ್ಕೊಳೋಕೆ ನಾನಂತೂ ರೆಡಿ ಇಲ್ಲ, ಕಾಫಿ ವರ್ಕ್ಸಲ್ಲಿ ಎದುರಿಗೇ ಬೀಜ ಪುಡಿ ಮಾಡಿಸಿ 80 ಕಾಫಿಗೆ 20 ಚಿಕೋರಿ ಹಾಕಿಸ್ಕೊಂಡು ಬರ್ತೀನಿ.

ಸೋಪಿನದೂ ಹೆಚ್ಚುಕಮ್ಮಿ ಇದೇ ಕಥೆ. ರ‍್ಯಾಪರ್ ಮೇಲೆ ಟಿಎಫ್ಎಂ (ಸೋಪಲ್ಲಿರೋ ಒಟ್ಟು ಕೊಬ್ಬಿನಂಶ) ಹುಡುಕಿ, 76% ಇಲ್ಲಾ ಅದಕ್ಕಿಂತ ಮೇಲಿದ್ರೆ ಗ್ರೇಡ್ 1. ಇವರದ್ರಲ್ಲಿ ಬಾತಿಂಗ್ ಬಾರ್ ಅಂತಿದೆ, ಅಂದ್ರೆ ಟಾಯ್ಲೆಟ್ ಸೋಪಿನ (ಈ ಗ್ರೇಡ್ ಕೊಡೋ ಮೈಸೋಪು) ಲೆಕ್ಕಕ್ಕೇ ಬರಲ್ಲ, ಸೋಪ್ ಬಾಕ್ಸಲ್ಲಿ ಬೇಗ ಲೋಳೆ ಲೋಳೆ ಆಗೋಗತ್ತೆ. ನಮ್ಮನೇಲಿ ವಾಪಸ್ ಮೈಸೂರ್ ಸ್ಯಾಂಡಲ್.

ಇನ್ನೊಂದು, ಬರೀ ಎಂಆರ್‌ಪಿ ನೋಡ್ಬೇಡಿ. ಕಂಪನಿದು 1 ಕೆಜಿ ಇರತ್ತೆ, ಪಕ್ಕದಲ್ಲೇ ಇವರದು ಅದೇ ಸೈಜಿನ ಕವರಲ್ಲಿ 900 ಗ್ರಾಂ ಇರತ್ತೆ, ಗ್ರಾಂಗೆ ಇಲ್ಲಾ ಕೆಜಿಗೆ ಎಷ್ಟು ಬೀಳತ್ತೆ ಅಂತ ಪ್ಯಾಕೆಟ್ ಮೇಲೇ ಹಾಕಿರ್ತಾರೆ, ಅದನ್ನ ಹೋಲಿಸಿ ಆಮೇಲೆ ಟ್ರಾಲಿಗೆ ಹಾಕಿ. ಒಟ್ಟು 5ಕ್ಕೆ 3 ಸ್ಟಾರ್, ಕಾಫಿ ಪುಡಿಗೆ ಸೊನ್ನೆ.