ಬಾಡಿನ ಜೊತೆ ಯಾವುದು? ಸೀಗಡಿ, ಅಂಜಲ್, ಕಾಟ್ಲಾ ಮೂರನ್ನೂ ಮಾಡಿ ನೋಡಿದೆ

ಹೊರದೇಶದಲ್ಲಿ 'ಸರ್ಫ್ ಅಂಡ್ ಟರ್ಫ್' ಅಂತ ಒಂದು ಊಟ ಇದೆ. ಕಡಲಿನದೊಂದು, ನೆಲದ್ದೊಂದು, ಎರಡೂ ಒಂದೇ ತಟ್ಟೆಯಲ್ಲಿ. ಹೆಚ್ಚಾಗಿ ಲಾಬ್‌ಸ್ಟರ್ ಮತ್ತು ದನದ ಮಾಂಸದ ಸ್ಟೇಕ್. ಮಂಡ್ಯದ ನಮ್ಮ ಅಡುಗೆಮನೆಗೆ ಇವೆರಡೂ ಬರೋದಿಲ್ಲ. ಆದರೆ ಬಂಡೂರು ಕುರಿಯ ಸೀಮೆಯವರಿಗೆ ನೆಲದ ಪಾಲು ಯಾವುದು ಅಂತ ಯೋಚನೆ ಬೇಕಾ? ಬಾಡೇ, ಅಂದರೆ ಕುರಿ ಮಾಂಸವೇ. ಕಡಲಿನ ಪಾಲಿಗೆ ಏನು ಹಾಕೋದು ಅನ್ನೋದೇ ಪ್ರಶ್ನೆ. ಮೂರು ಭಾನುವಾರ ಮೂರು ಬಗೆ ಮಾಡಿದೆ.

"ಮೀನು, ಬಾಡು ಒಂದೇ ತಟ್ಟೆಗಾ? ಎಲ್ಲೂ ಕಂಡಿಲ್ಲ ಕಣವ್ವ" ಅಂದರು ನಮ್ಮತ್ತೆ. ನಿಜ, ನಮ್ಮ ಮನೆಯಲ್ಲಿ ಬಾಡಿನ ದಿನವೇ ಬೇರೆ, ಮೀನಿನ ದಿನವೇ ಬೇರೆ.

ಮೊದಲು ಬಾಡಿನ ಮಾತು. ಬಂಡೂರು ಅನ್ನೋದು ಮಳವಳ್ಳಿ ತಾಲ್ಲೂಕಿನ ಊರು. ಆ ಕುರಿಗೆ ಗಿಡ್ಡ ಕಾಲು, ತುಂಬಿಕೊಂಡ ಮೈ. ಮಾಂಸದೊಳಗೇ ಕೊಬ್ಬು ಇರೋದರಿಂದ ಬಾಯಲ್ಲಿ ಮೆತ್ತಗಾಗುತ್ತೆ. ಹೆಸರು ಹೇಳಿ ಬೇರೆ ಕುರಿ ಮಾರೋರೂ ಇದ್ದಾರೆ, ಹಾಗಾಗಿ ಗೊತ್ತಿರೋ ಕಡೆ ಎದುರಿಗೇ ನಿಂತು ಪಕ್ಕೆಲುಬಿನ ತುಂಡು ಹಾಕಿಸಿಕೊಳ್ಳುತ್ತೇನೆ. ಮೊದಲ ವಾರ ಸ್ಟೇಕ್ ಥರ ಹಸಿದನ್ನೇ ಕಾವಲಿ ಮೇಲೆ ಹಾಕಿದೆ. ಹೊರಗೆ ಕರಕಲು, ಒಳಗೆ ನಾರು. ಅವರ ಸ್ಟೇಕ್ ಮೆತ್ತನೆ ಭಾಗದ್ದು, ಎಷ್ಟೋ ಸಲ ದಿನಗಟ್ಟಲೆ ತಣ್ಣಗಿಟ್ಟು ಹದ ಮಾಡಿದ್ದು. ನಮ್ಮದು ಬೆಳಿಗ್ಗೆ ಕೊಯ್ದ ಬಾಡು, ಅದಕ್ಕೆ ಕುಕ್ಕರೇ ಸರಿ. ಮುಂದಿನ ವಾರದಿಂದ ಶುಂಠಿ, ಬೆಳ್ಳುಳ್ಳಿ, ಅರಿಶಿನ, ಉಪ್ಪು, ಸ್ವಲ್ಪ ನೀರು ಹಾಕಿ 4 ವಿಷಲ್ ಕೂಗಿಸಿದೆ. ಆಮೇಲೆ ಕುಟ್ಟಿದ ಮೆಣಸು ಸವರಿ, ಕಬ್ಬಿಣದ ಕಾವಲಿಯಲ್ಲಿ ಒಂದೊಂದು ಮಗ್ಗುಲಿಗೆ 3 ನಿಮಿಷ. ಕೊಬ್ಬು ಕರಗಿ ಕಾವಲಿ ತುಂಬಾ ಹರಡಿಕೊಳ್ಳುತ್ತೆ. ಆ ಕೊಬ್ಬನ್ನ ಮಾತ್ರ ಚೆಲ್ಲಬೇಡಿ.

ಮೊದಲ ವಾರದ ಜೋಡಿ ಅಂಜಲ್, ಕಡಲ ಮೀನು. ಮುಳ್ಳು ಕಡಿಮೆ, ಮಕ್ಕಳಿಗೆ ಕೊಡೋಕೆ ಭಯವಿಲ್ಲ. ಆದರೆ ಅಂಜಲ್‌ಗೆ ಅದರದ್ದೇ ಖಾರ ಬೇಕು, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹುಳಿ ಎಲ್ಲ. ಪಕ್ಕದಲ್ಲಿ ಮೆಣಸಿನ ಬಾಡು ಇಟ್ಟರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಬಾಡಿನ ಕೊಬ್ಬಿನಲ್ಲೇ ಎರಡು ತುಂಡು ಹುರಿದು ನೋಡಿದೆ, ವಾಸನೆ ಸೇರಲಿಲ್ಲ. ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ನಾನು ತಂದಿದ್ದು ಜೂನ್‌ನಲ್ಲಿ. ರೇಟು ಜಾಸ್ತಿ, ತುಂಡು ಒತ್ತಿದರೆ ಬೆರಳು ಹೂತುಕೊಳ್ಳುವಷ್ಟು ಮೆತ್ತಗಿತ್ತು.

ಎರಡನೇ ವಾರ ಕಾಟ್ಲಾ. ಇದು ಕಡಲಿನದಲ್ಲ, ಸಿಹಿನೀರಿನದು. ಆದರೂ ಕಾವೇರಿ ಪಕ್ಕದವರಿಗೆ ಇದೇ ಮೀನು ಅಲ್ವಾ? ರುಚಿಗೆ ಏನೂ ಕಮ್ಮಿಯಿಲ್ಲ. ಅತ್ತೆ ಎರಡು ಸಲ ಹಾಕಿಸಿಕೊಂಡರು, "ಮುಳ್ಳಿದ್ರೇನೇ ಮೀನು" ಅಂದರು. ನನಗೆ ಮಾತ್ರ ಒಗ್ಗಲಿಲ್ಲ. ಬಾಡಿನ ಮೂಳೆಯನ್ನ ಬಾಯಿಗಿಟ್ಟು ಚೀಪುತ್ತೇವೆ. ಕಾಟ್ಲಾದ ಸಣ್ಣ ಕವಲು ಮುಳ್ಳನ್ನ ಬೆರಳಲ್ಲಿ ತಡವಿ ತೆಗೀಬೇಕು. ಒಂದೇ ತಟ್ಟೆಯಲ್ಲಿ ಎರಡೂ ಬಂದರೆ ಕೈ ತಡವರಿಸುತ್ತೆ. ಮೇಲಾಗಿ ಜಿಡ್ಡಿನ ಮೇಲೆ ಜಿಡ್ಡು, ಸಂಜೆಯವರೆಗೆ ಹೊಟ್ಟೆ ಭಾರ.

ಮೂರನೇ ವಾರ ಸೀಗಡಿ. ಈ ತಟ್ಟೆಗೆ ಹೇಳಿ ಮಾಡಿಸಿದ್ದು ಅಂದರೆ ಇದೇ. ಸಿಪ್ಪೆ ಸುಲಿದು, ಬೆನ್ನ ಮೇಲಿನ ಕಪ್ಪು ದಾರ ಎಳೆದು, ಅರಿಶಿನ, ಉಪ್ಪು, ನಿಂಬೆರಸ ಹಚ್ಚಿ 10 ನಿಮಿಷ ಇಟ್ಟೆ. ಬಾಡು ತೆಗೆದ ಕಾವಲಿಯಲ್ಲಿ, ಅದೇ ಕೊಬ್ಬಿನಲ್ಲಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಗರಿ ಕರಿಬೇವು. ಅದರ ಮೇಲೆ ಸೀಗಡಿ. ಬೂದಿ ಬಣ್ಣ ಹೋಗಿ ಕಿತ್ತಳೆ ಬಣ್ಣ ಏರುತ್ತೆ, ನೋಡ್ತಾ ನಿಂತಿರಬೇಕು. ಕುಡುಗೋಲಿನ ಹಾಗೆ ಬಾಗಿದರೆ ಬೆಂದಿದೆ, ಇಳಿಸಿ. ಉಂಗುರದ ಹಾಗೆ ಸುತ್ತಿಕೊಂಡರೆ ರಬ್ಬರ್. 3 ನಿಮಿಷದ ಆಟ ಅಷ್ಟೇ. ಮೊದಲ ಸರದಿ ಹಾಕಿ ಮುದ್ದೆ ತಿರುವೋಕೆ ಹೋದೆ, ಪೂರ್ತಿ ಉಂಗುರ. ಎರಡನೇ ಸರದಿಗೆ ಅಲ್ಲಾಡಲಿಲ್ಲ. ಮೆಣಸಿನ ಕೊಬ್ಬಿನಲ್ಲಿ ಅದ್ದಿದ ಆ ಸಿಹಿ ಇದೆಯಲ್ಲ, ಅದನ್ನ ಬಾಡೂ ಕೊಡಲ್ಲ, ಬರೀ ಸೀಗಡಿಯೂ ಕೊಡಲ್ಲ.

ದುಡ್ಡಿನ ಲೆಕ್ಕದಲ್ಲಿ ಸೀಗಡಿ ಸೋಲುತ್ತೆ. ಅರ್ಧ ಕೆಜಿ ತಂದರೆ ತಲೆ, ಸಿಪ್ಪೆ ಹೋಗಿ ಉಳಿಯೋದು ಹೆಚ್ಚುಕಡಿಮೆ ಅರ್ಧ. ನಾಲ್ಕು ಜನಕ್ಕೆ ಸರಿ, ಹತ್ತು ಜನ ನೆಂಟರು ಬಂದರೆ ಕೈ ಕಚ್ಚುತ್ತೆ. ಆಗ ನಾನು ಬಾಡೊಂದನ್ನೇ ಮಾಡ್ತೀನಿ, ಕಾಟ್ಲಾ ಮಾರನೇ ದಿನಕ್ಕೆ.

ಜೊತೆಗೆ ಬಿಸಿ ಮುದ್ದೆ, ಕುಕ್ಕರ್‌ನಲ್ಲಿ ಉಳಿದ ಬಾಡಿನ ರಸದ್ದೇ ಸಾರು, ಹಸಿ ಈರುಳ್ಳಿ. ಸೀಗಡಿ ಸಿಪ್ಪೆಯನ್ನ ಸುಮ್ನೆ ಎಸೀಬೇಡಿ. ಚೆನ್ನಾಗಿ ತೊಳೆದು, ಒಂದು ಲೋಟ ನೀರಲ್ಲಿ ಕುದಿಸಿ ಸೋಸಿ ಆ ಸಾರಿಗೇ ಸುರಿದೆ. ಮುದ್ದೆ ಇನ್ನೊಂದು ಕೇಳಿದರು ಮನೆಯವರು.