ಬೇಸಿಗೆಯಲ್ಲಿ ಕಂಡ ಹೊಸ ಬಣ್ಣವನ್ನು ನಂಬಿ ಮುಂಗಡ ಕೊಡಬೇಡಿ

ಮಂಗಳೂರಿಗೆ ವರ್ಗವಾಗಿ ಬರುತ್ತಿರುವವರು, ಅದರಲ್ಲೂ ನನ್ನಂತೆ ಘಟ್ಟದ ಮೇಲಿನ ಊರುಗಳಿಂದ ಬರುತ್ತಿರುವವರು, ಮನೆ ನೋಡಲು ಹೊರಡುವ ಮುನ್ನ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಐದು ತಿಂಗಳಲ್ಲಿ ಎರಡು ಸಲ ಸಾಮಾನು ಕಟ್ಟಿ, ಎರಡು ಸಲ ಬಿಚ್ಚಿ, ಕೊಟ್ಟ ಠೇವಣಿಯಲ್ಲಿ 35,000 ರೂಪಾಯಿ ಕಳೆದುಕೊಂಡು, ಈಗ ಮೂರನೆಯ ವಿಳಾಸದಲ್ಲಿ ಕುಳಿತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ಪರಿಶೀಲಿಸುವುದೇ ನನ್ನ ಕೆಲಸ. ಬೇರೆಯವರ ಮನೆಯ ಕಾಗದದಲ್ಲಿ ಒಂದು ಸಹಿ ತಪ್ಪಿದ್ದರೂ ಹಿಡಿದು ಕೇಳುವ ನಾನು, ನನ್ನ ತಲೆಯ ಮೇಲಿನ ಸ್ಲ್ಯಾಬನ್ನು ನೋಡದೆ ಸಹಿ ಹಾಕಿದೆ.

ದಾವಣಗೆರೆಯಿಂದ ಮಾರ್ಚ್ ತಿಂಗಳ ಕೊನೆಯಲ್ಲಿ ಬಂದೆವು. ಬ್ರೋಕರ್ ತೋರಿಸಿದ ನಾಲ್ಕು ಮನೆಗಳಲ್ಲಿ ಬಿಜೈ ಕಡೆಯ ಈ ಮನೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ಮೂರನೆಯ ಮಹಡಿ, ಅದರ ಮೇಲೆ ಟೆರೇಸು, ಪಶ್ಚಿಮಕ್ಕೆ ದೊಡ್ಡ ಕಿಟಕಿ, ಸಂಜೆಯ ಗಾಳಿ, ಗೋಡೆಗಳಿಗೆ ಹೊಸ ಬಣ್ಣ. ಬಾಡಿಗೆ 16,000, ಠೇವಣಿ 80,000, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಬೆಂಗಳೂರಿನಲ್ಲಿ ಕೇಳುವ ಹತ್ತು ತಿಂಗಳ ಮುಂಗಡಕ್ಕೆ ಹೋಲಿಸಿ ನಾವು ಒಳಗೊಳಗೇ ಹಿಗ್ಗಿದೆವು. ನಲ್ಲಿ ತಿರುಗಿಸಿ ನೋಡಿದೆ, ಸ್ವಿಚ್ಚುಗಳನ್ನು ಒತ್ತಿ ನೋಡಿದೆ, ಫ್ಲಶ್ ಎಳೆದು ನೋಡಿದೆ, ಬಾಗಿಲ ಬೀಗ ನೋಡಿದೆ. ಟೆರೇಸನ್ನೂ ನೋಡೋಣವೆಂದಾಗ ಮಾಲೀಕರು, "ಕೀಲಿ ಸೆಕ್ರೆಟರಿ ಹತ್ರ ಉಂಟು ಮೇಡಂ, ಅವರೀಗ ಊರಲ್ಲಿಲ್ಲ. ಮೇಲೆ ನೋಡ್ಲಿಕ್ಕೆ ಎಂತ ಉಂಟು, ಬರೀ ನೀರಿನ ಟ್ಯಾಂಕಿ" ಎಂದರು. ನನಗೂ ಹೌದೆನಿಸಿತು.

ಮಲಗುವ ಕೋಣೆಯ ಅಟ್ಟದ ಮೇಲೆ ನಾಲ್ಕು ಪ್ಲಾಸ್ಟಿಕ್ ಬೇಸಿನ್‌ಗಳು ಒಂದರೊಳಗೊಂದು ಕುಳಿತಿದ್ದವು, ಪಕ್ಕದಲ್ಲಿ ಮಡಚಿಟ್ಟ ನೀಲಿ ತಾಡಪಾಲು. ಇವು ಯಾರವೆಂದು ಕೇಳಿದೆ. "ಹಿಂದಿನವರು ಬಿಟ್ಟು ಹೋದದ್ದು. ಇರಲಿ, ನಿಮಗೆ ಉಪಯೋಗಕ್ಕೆ ಬರ್ತದೆ" ಎಂದರು ಮಾಲೀಕರು. ಈ ಒಂದು ಮಾತಿನಲ್ಲಿ ಮಾತ್ರ ಅವರು ನನಗೆ ಸತ್ಯವನ್ನೇ ಹೇಳಿದ್ದರು.

ಏಪ್ರಿಲ್, ಮೇ ಸುಖವಾಗಿ ಕಳೆದವು ಎನ್ನಬೇಕು. ಸೆಕೆ ಇತ್ತು, ಅದನ್ನು ದೂರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು. ದಾವಣಗೆರೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಇಲ್ಲಿ ಜೂನ್ ಒಂದೇ ತಿಂಗಳಲ್ಲಿ ಸುರಿಯುತ್ತದೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಬೀಳುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಓದಿದ್ದೆನೇ ಹೊರತು ಆ ಅಂಕಿಗೆ ಒಂದು ವಾಸನೆ ಇರುತ್ತದೆಂದು ತಿಳಿದಿರಲಿಲ್ಲ. ಮೂರನೆಯ ದಿನ ಕೋಣೆಯ ಪಶ್ಚಿಮದ ಗೋಡೆಯಲ್ಲಿ ಅಂಗೈಯಗಲದ ಒಂದು ಗುಳ್ಳೆ ಎದ್ದಿತು. ಹೆಬ್ಬೆರಳಿನಿಂದ ಒತ್ತಿದೆ. ಕಾಯಿಸಿದ ಹಾಲಿನ ಕೆನೆ ಹರಿಯುವ ಹಾಗೆ ಬಣ್ಣ ಹರಿದು, ಒಳಗಿನಿಂದ ಬೆಳ್ಳಗಿನ ನೀರು ನನ್ನ ಮಣಿಕಟ್ಟಿನವರೆಗೆ ಇಳಿಯಿತು. ಹಿಂದೆ ಪುಟ್ಟಿ ಬೆಣ್ಣೆಯಂತೆ ಮೆತ್ತಗಿತ್ತು, ಅದರ ಹಿಂದೆ ಹಳೆಯ ಕಪ್ಪು ಕಲೆ, ಆ ಕಲೆಯ ಮೇಲೆ ಇನ್ನೊಂದು ಬಣ್ಣ, ಅದರ ಕೆಳಗೆ ಮತ್ತೆ ಕಲೆ. ಎಷ್ಟು ಮಳೆಗಾಲಗಳನ್ನು ಆ ಗೋಡೆಯೊಳಗೆ ಮುಚ್ಚಿಟ್ಟಿದ್ದರೋ!

ಫೋನ್ ಮಾಡಿದೆ. "ಅದು ಲೀಕೇಜ್ ಅಲ್ಲ ಮೇಡಂ, ಪಸೆ. ಮಳೆಗಾಲದಲ್ಲಿ ಇಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಆಗ್ತದೆ. ನೀವು ಘಟ್ಟದವರು, ನಿಮಗೆ ಅಭ್ಯಾಸ ಇಲ್ಲ. ಒಂದು ಫ್ಯಾನ್ ಹಾಕಿ ಬಿಡಿ, ಒಣಗ್ತದೆ." ಫ್ಯಾನ್ ಹಾಕಿ ಬಿಟ್ಟೆ. ಹಗಲು ರಾತ್ರಿ ಬಿಟ್ಟೆ. ಒಣಗಿದ್ದು ನಮ್ಮ ಗಂಟಲು ಮಾತ್ರ. ನಾಲ್ಕು ದಿನ ಕಳೆದು ಸೂರಿನಿಂದಲೇ ತೊಟ್ಟಿಕ್ಕತೊಡಗಿತು, ಮೊದಲು ಒಂದು ಕಡೆ, ಆಮೇಲೆ ಮೂರು ಕಡೆ, ಆಮೇಲೆ ಫ್ಯಾನಿನ ಕೊಕ್ಕೆಯ ಬುಡದಲ್ಲಿ. ವಿಡಿಯೊ ಕಳುಹಿಸಿದೆ. ನೀಲಿ ಗೆರೆಗಳು ಬಿದ್ದವು, ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಬಂದದ್ದು ಒಂದೇ ಸಾಲು: "ಈಗ ಮಳೆಗೆ ಕೆಲಸದವರು ಮೇಲೆ ಹತ್ತುವುದಿಲ್ಲ, ಮಳೆ ಬಿಟ್ಟ ಮೇಲೆ ನೋಡುವ." ಮಳೆ ಬಿಟ್ಟ ಮೇಲೆ ಸೋರುವುದಿಲ್ಲವಲ್ಲ, ಆಗ ನೋಡುವುದೇನನ್ನು?

ಅಂದು ರಾತ್ರಿ ನನ್ನ ಗಂಡ ಸ್ಟೂಲು ಹತ್ತಿ ಅಟ್ಟದ ಮೇಲಿನ ಬೇಸಿನ್‌ಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟರು. ತೊಟ್ಟಿಕ್ಕುವ ಜಾಗ ನಾಲ್ಕು, ಬೇಸಿನ್‌ಗಳೂ ನಾಲ್ಕು. ತಾಡಪಾಲನ್ನು ಬಿಡಿಸಿದರೆ ಅದು ನಮ್ಮ ಮಂಚಕ್ಕೆ ಅಳತೆ ತೆಗೆದು ಕತ್ತರಿಸಿದಂತಿತ್ತು. ಹಾಸಿಗೆಯ ಮೇಲೆ ಅದನ್ನು ಹಾಸುತ್ತಿರುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಮಾತನಾಡಲಿಲ್ಲ. ನನಗೆ ಮೋಸವಾಗಿದೆ ಎಂದು ಖಚಿತವಾದದ್ದು ಸೋರಿದಾಗಲ್ಲ, ಬೇಸಿನ್‌ಗಳ ಲೆಕ್ಕ ಸರಿಹೋದಾಗ.

ಮರುದಿನ ಕೆಳಗಿನ ಮನೆಯ ಹಿರಿಯ ಹೆಂಗಸಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅಯ್ಯೋ, ನಿಮಗೆ ಹೇಳ್ಲೇ ಇಲ್ವಾ? ಮೊದಲಿದ್ದವರು ಸಹ ಇದಕ್ಕೇ ಬಿಟ್ಟದ್ದು ಮಾರಾಯ್ರೆ. ಮೇಲೆ ಶೀಟ್ ಹಾಕಿಸಿ ಅಂತ ಎಷ್ಟು ಸಲ ಹೇಳಿದ್ದೇವೆ, ಅವರು ಕೇಳುವುದಿಲ್ಲ." ಆಮೇಲೆ ಕಿಟಕಿಯಿಂದ ಸುತ್ತಲಿನ ಕಟ್ಟಡಗಳನ್ನು ನೋಡಿದೆ. ನಮ್ಮ ಬೀದಿಯ ಬಹುತೇಕ ಎಲ್ಲ ತಾರಸಿಗಳ ಮೇಲೂ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದಿಸಿದ್ದಾರೆ. ಬಟ್ಟೆ ಒಣಗಿಸಲು ಕಟ್ಟಿಕೊಂಡದ್ದೆಂದು ಮೂರು ತಿಂಗಳು ಭಾವಿಸಿದ್ದ ನನಗೆ, ಇಲ್ಲಿಯ ಮಳೆಯಲ್ಲಿ ಬರಿಯ ಕಾಂಕ್ರೀಟ್ ಸ್ಲ್ಯಾಬನ್ನು ಬಿಟ್ಟರೆ ಏನಾಗುತ್ತದೆಂದು ಬಲ್ಲವರು ಹಾಕಿಸಿಕೊಂಡ ಕೊಡೆ ಅದೆಂದು ಆಗ ತಿಳಿಯಿತು. ನಮ್ಮ ಕಟ್ಟಡದ ಮೇಲೆ ಮಾತ್ರ ಅದು ಇರಲಿಲ್ಲ. ಗಾಳಿಗೆಂದು ನಾನು ಮೆಚ್ಚಿದ್ದ ಪಶ್ಚಿಮದ ಗೋಡೆಗೆ ಕಡಲ ಕಡೆಯಿಂದ ಬೀಸುವ ಮಳೆ ನೇರವಾಗಿ ಹೊಡೆಯುತ್ತಿತ್ತು.

ಜುಲೈ ತಿಂಗಳನ್ನು ವರ್ಣಿಸುವ ಮನಸ್ಸಿಲ್ಲ. ಊರಿನಿಂದ ತಂದಿದ್ದ ಮಂಡಕ್ಕಿ ಚೀಲ ಹತ್ತಿಯಂತಾಯಿತು, ಮಗಳ ಶಾಲೆಯ ಬೂಟಿನ ಒಳಗೆ ಹಸಿರು ಬೂಷ್ಟು ಬೆಳೆಯಿತು, ಅವಳ ಕೆಮ್ಮು ಮೂರು ವಾರ ಬಿಡಲಿಲ್ಲ. ಬಿಡುತ್ತೇವೆ ಎಂದು ಲಿಖಿತವಾಗಿ ಒಂದು ತಿಂಗಳ ನೋಟಿಸು ಕೊಟ್ಟು ಆಗಸ್ಟ್ ಕೊನೆಗೆ ಖಾಲಿ ಮಾಡಿದೆವು.

ಲೆಕ್ಕ ಕೇಳಿ. ಬಣ್ಣಕ್ಕೆ 16,000. ಶುಚಿ ಮಾಡಿಸಲು 3,000. ಆರು ತಿಂಗಳು ತುಂಬುವ ಮೊದಲೇ ಬಿಟ್ಟದ್ದಕ್ಕೆ ಒಂದು ತಿಂಗಳ ಬಾಡಿಗೆ 16,000. ಕೈಗೆ ಬಂದದ್ದು 45,000. ಸೋರಿ ಹಾಳಾದ ಗೋಡೆಗೆ ನಾನು ಬಣ್ಣ ಹೊಡೆಸಬೇಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ನೀವು ಬರುವಾಗ ಗೋಡೆ ಹೇಗಿತ್ತು ಮೇಡಂ? ಹೊಸತಿತ್ತಲ್ವಾ? ಹೊಸತೇ ವಾಪಸ್ ಕೊಡ್ಬೇಕಲ್ಲ." ನನ್ನನ್ನು ಮೋಸಗೊಳಿಸಿದ ಬಣ್ಣದ ಖರ್ಚನ್ನು ನನ್ನಿಂದಲೇ ವಸೂಲು ಮಾಡಿದರು. ಬ್ರೋಕರಿಗೆ ಫೋನ್ ಮಾಡಿದರೆ, "ನಾನು ಮನೆ ತೋರಿಸುವುದು ಮಾತ್ರ ಮೇಡಂ, ಮಳೆ ನನ್ನ ಕೈಯಲ್ಲಿಲ್ಲ" ಎಂದ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಬಾಡಿಗೆದಾರನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾಲೀಕನು ಮೊದಲೇ ತಿಳಿಸಬೇಕು ಎಂದರು. ಕೇಳಿ ಜೀವ ಬಂದಂತಾಯಿತು. ಬೆನ್ನಿಗೇ, ಕರಾರಿನಲ್ಲಿ ಬೇರೆ ಏನಾದರೂ ಒಪ್ಪಿಕೊಂಡಿದ್ದೀರಾ ಎಂದು ಕೇಳಿದರು. ಎಲ್ಲರೂ ಮಾಡಿಸುವಂಥ 11 ತಿಂಗಳ ಕರಾರೇ ಅದು. ತೆಗೆದು ನೋಡಿದರೆ ಏಳನೆಯ ಷರತ್ತು: "ಬಾಡಿಗೆದಾರರು ಮನೆಯನ್ನು ಪರಿಶೀಲಿಸಿ ಈಗಿರುವ ಸ್ಥಿತಿಯಲ್ಲಿಯೇ ಒಪ್ಪಿಕೊಂಡಿರುತ್ತಾರೆ." ಕೆಳಗೆ ನನ್ನ ದುಂಡನೆಯ ಸಹಿ. ವಾದಿಸಬಹುದು, ಆದರೆ 35,000ಕ್ಕೆ ಎಷ್ಟು ಸಲ ರಜೆ ಹಾಕಿ ಅಲೆಯುತ್ತೀರಿ ಎಂದರು ವಕೀಲರು. ನಾನು ಅಲೆಯಲಿಲ್ಲ. ಬಹುಶಃ ಮಾಲೀಕರಿಗೂ ಅದು ಗೊತ್ತಿತ್ತು.

ಆದ್ದರಿಂದ, ಮೇಲಿನ ಮಹಡಿಯ ಮನೆಯಾದರೆ ಟೆರೇಸಿನ ಕೀಲಿ ಸಿಗುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಗಡಿನ ಮಾಡು ಇಲ್ಲದಿದ್ದರೆ ಅಲ್ಲಿಂದಲೇ ಇಳಿದು ಬನ್ನಿ. ಬೇಸಿಗೆಯಲ್ಲಿ ಒಂದೇ ಒಂದು ಗೋಡೆಗೆ ಹೊಸ ಬಣ್ಣವಿದ್ದರೆ ಕಾರಣ ಕೇಳಿ, ಉತ್ತರವನ್ನು ಮಾಲೀಕರಿಂದಲ್ಲ, ಕೆಳಗಿನ ಮನೆಯವರಿಂದ ಕೇಳಿ. ಸೋರಿದರೆ ಯಾರ ಖರ್ಚು ಎಂಬುದನ್ನು ಕರಾರಿನಲ್ಲಿ ಬರೆಸಿ. ಬರೆಯಲು ಒಪ್ಪದವರ ಜತೆ ನಗುತ್ತಾ ಚಹಾ ಕುಡಿದು ಎದ್ದು ಬನ್ನಿ, ನನ್ನ ಹಾಗೆ ಸಂಕೋಚಪಟ್ಟು ಕುಳಿತುಕೊಳ್ಳಬೇಡಿ.

ಕಳೆದ ವಾರ ಅದೇ ಬ್ರೋಕರ್ ತನ್ನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಮನೆಯ ಚಿತ್ರ ಹಾಕಿದ್ದ. ಪಶ್ಚಿಮಕ್ಕೆ ದೊಡ್ಡ ಕಿಟಕಿ, ತಿಳಿ ಹಳದಿ ಗೋಡೆ, ಬಾಡಿಗೆ ಈಗ 17,000. ಚಿತ್ರವನ್ನು ಹಿಗ್ಗಿಸಿ ಅಟ್ಟದ ಕಡೆ ನೋಡಿದೆ. ಬೇಸಿನ್‌ಗಳು ಅಲ್ಲಿಯೇ ಇವೆ.